ಪರಾತಕ್ಕೆ ಬೀಳದ ಬೂದಿ

ನಮ್ಮ ಬಳಗದಲ್ಲಿ ನನ್ನ ಬಗ್ಗೆ ಒಂದು ಕಥೆ ಓಡಾಡುತ್ತಿದೆ. ಅವ್ವನಿಗೆ ಸಕ್ಕರೆ ಕಾಯಿಲೆ ಬಂದಾಗ ಮಗಳು ಹಠ ಹಿಡಿದಳು, ದಿನಾ ನಸುಕಿನಲ್ಲಿ ಎಬ್ಬಿಸಿ ನಡೆಸಿದಳು, ಏನೇ ನೆವ ಹೇಳಿದರೂ ಕೇಳಲಿಲ್ಲ, ಅದಕ್ಕೇ ಅವ್ವ ಇವತ್ತು ಸೂಜಿ ಚುಚ್ಚಿಕೊಳ್ಳದೆ ಗುಳಿಗೆಯಲ್ಲೇ ಇದ್ದಾಳೆ ಎನ್ನುವ ಕಥೆ. ಇದನ್ನು ಎಲ್ಲರಿಗಿಂತ ಹೆಚ್ಚು ಹೇಳುವವನು ಅಪ್ಪ. ಅವನು ಗಂಗಾವತಿಯಿಂದ ಕುಷ್ಟಗಿ ಮೇಲೆ ಯಲಬುರ್ಗಾಕ್ಕೆ ಹೋಗುವ ಸರ್ಕಾರಿ ಬಸ್ಸಿನ ಚಾಲಕ. ಚಾಲಕರೊಂದಿಗೆ ಮಾತನಾಡಬೇಡಿ ಎಂಬ ಹಲಗೆ ಅವನ ತಲೆಯ ಹಿಂದೆಯೇ ಇದೆ. ಚಾಲಕ ಮಾತಾಡಬಾರದು ಎಂದು ಅದರಲ್ಲಿ ಎಲ್ಲಿ ಬರೆದಿದೆ ಎಂಬುದು ಅವನ ವಾದ. ವಾದ ಮಾಡುವ ಚಟ ನನಗೆ ಎಲ್ಲಿಂದ ಬಂತು ಎಂದು ಯಾರೂ ಕೇಳಬೇಕಾಗಿಲ್ಲ.

"ನಮ್ಮ ಹುಡುಗಿ ಡಿಬೇಟಿನಾಗ ಭಾಳ ಕಪ್ಪು ಗೆದ್ದಾಳ್ರಿ," ಎಂದು ಅವನು ಮೊದಲ ಸೀಟಿನವರಿಗೆ ಹೇಳುತ್ತಾನೆ. "ಆದ್ರ ಆಕಿ ಗೆದ್ದಿದ್ದು ದೊಡ್ಡ ಕಪ್ಪು ಅಂದ್ರ ಅವರವ್ವನ ಸಕ್ರಿ ನೋಡ್ರಿ."

ನಾನು ಹಠ ಹಿಡಿದದ್ದು ನಿಜ. ಸಕ್ಕರೆ ಇಳಿದದ್ದೂ ನಿಜ, ರಕ್ತಪರೀಕ್ಷೆಯ ಚೀಟಿಗಳಿವೆ. ಆದರೆ ಚರ್ಚಾಸ್ಪರ್ಧೆಗೆ ನನ್ನನ್ನು ತಯಾರು ಮಾಡಿದ ಉಪನ್ಯಾಸಕರು ಮೊದಲು ಕಲಿಸಿದ ಪಾಠವೆಂದರೆ, ಎದುರಿನವರು ಹೇಳಿದ್ದಕ್ಕಿಂತ ಹೇಳದೆ ಬಿಟ್ಟಿದ್ದನ್ನು ಬರೆದುಕೋ ಎಂಬುದು. ಅಪ್ಪನ ಕಥೆಯನ್ನು ಹಾಗೆ ಕೇಳಿದರೆ ಅದರಲ್ಲಿ ಎಲ್ಲಿಯೂ ಕೆಮ್ಮು ಇಲ್ಲ. ಯಾರು ಕೆಮ್ಮಿದರು, ಆಗ ಮಗಳು ಏನು ಮಾಡಿದಳು ಎಂಬುದೂ ಇಲ್ಲ. ಅಪ್ಪನಿಗೆ ಕೆಮ್ಮು ಗೊತ್ತು, ಮಗಳು ಮಾಡಿದ್ದು ಗೊತ್ತಿಲ್ಲ, ಅದಕ್ಕೆ ಹೇಳುವುದಿಲ್ಲ. ನನಗೆ ಗೊತ್ತು. ಆದರೂ ಆ ಕಥೆ ಹೇಳುವಾಗ ಪಕ್ಕದಲ್ಲಿ ನಿಂತು ಎಷ್ಟೋ ಸಲ ನಕ್ಕಿದ್ದೇನೆ.

ಅವ್ವ ನವಲಿ ಕಡೆಯವಳು, ಭತ್ತದ ಮನೆತನದವಳು. ಮದುವೆಯಾಗಿ ಗಂಗಾವತಿಗೆ ಬಂದ ಮೇಲೆ ಅಂಗನವಾಡಿ ಶಿಕ್ಷಕಿಯಾದಳು. ಅವಳ ಅಂಗನವಾಡಿಯಲ್ಲಿ ಗೋಡೆಯ ಮೇಲಿನ ಚಿತ್ರಗಳು ಅಳಿಸಿಹೋಗಿ ವರ್ಷಗಳಾಗಿವೆ, ತಕ್ಕಡಿ ಒಂದು ಬದಿಗೆ ವಾಲುತ್ತದೆ, ಆದರೂ ಮಕ್ಕಳು ತಪ್ಪದೆ ಬರುತ್ತಾರೆ. ಕಾರಣ ಅವ್ವನ ಹಾಡು. ಬಸ್ಸಿನ ಮೇಲೆ, ಬದನೆಕಾಯಿಯ ಮೇಲೆ, ಮೂಗು ಸೋರುವ ಹುಡುಗನ ಮೇಲೆ ಅವಳೇ ಹಾಡು ಕಟ್ಟುತ್ತಾಳೆ. ಒಂದು ಸಾಲು ಹಾಡಿ ಕುಣಿಯಬೇಕು, ಕುಣಿಯುತ್ತಲೇ ಮುಂದಿನ ಸಾಲು ಹಾಡಬೇಕು. ಆ ಕೆಲಸಕ್ಕೆ ಬೇಕಾದ ಮುಖ್ಯ ಸಾಮಾನು ಉಸಿರು ಎಂದು ಆಗ ನನಗೆ ಹೊಳೆದಿರಲಿಲ್ಲ.

ನಾನು ಕಾಲೇಜಿನಲ್ಲಿ ಓದುವಾಗ, ಸಕ್ಕರೆ ಗೊತ್ತಾದ ದಿನ ಗಂಗಾವತಿಯ ಡಾಕ್ಟರು, "ಬಿರಬಿರ ನಡೀಬೇಕ್ರಿ, ಬೆವರು ಬರೂವಂಗ," ಎಂದರು. ಎಲ್ಲಿ, ಯಾವಾಗ ಎಂದು ಅವರು ಹೇಳಲಿಲ್ಲ, ನಾವು ಕೇಳಲೂ ಇಲ್ಲ. ನಡಿಗೆ ಎಂದರೆ ನಸುಕಿನ ನಡಿಗೆ, ನಸುಕಿನ ಗಾಳಿ ಎಂದರೆ ಶುದ್ಧ ಗಾಳಿ. ಇದಕ್ಕೆ ಪುರಾವೆ ಏನು ಎಂದು ಎಲ್ಲದಕ್ಕೂ ಪುರಾವೆ ಕೇಳುವ ನನಗೂ ಅನ್ನಿಸಲಿಲ್ಲ.

ಅವ್ವ ಮೂರು ಸಲ ಶುರು ಮಾಡಿ ಮೂರು ಸಲ ಬಿಟ್ಟಳು. ಮೊದಲು ಮೊಣಕಾಲು ನೋವು ಎಂದಳು, ಎಣ್ಣೆ ತಂದುಕೊಟ್ಟೆ. ಆಮೇಲೆ ಮಿಲ್ಲಿನ ಹಿಂದಿನ ನಾಯಿಗಳೆಂದಳು, ಕೈಗೆ ಕೋಲು ಕೊಟ್ಟೆ. ಮೂರನೆಯದಾಗಿ, ಸೀರೆಯ ಕೆಳಗೆ ಬೂಟು ಕಂಡರೆ ಜನ ನಗುತ್ತಾರೆ ಎಂದಳು. "ನಗಲಿ ಬಿಡು, ಅವರ ಸಕ್ರಿ ಅವರು ನೋಡ್ಕೊಳ್ಳಿ," ಎಂದೆ. ಅಂಗನವಾಡಿಯ ಸಹಾಯಕಿಯನ್ನು ಜೊತೆಗೆ ಹಾಕಿದೆ. ಆಕೆ ಅವ್ವನಿಗಿಂತ ಹತ್ತು ವರ್ಷ ದೊಡ್ಡವಳು, ಗಂಡನಿಲ್ಲ, ನಾಲಿಗೆಗೆ ಲಗಾಮಿಲ್ಲ. ಹೀಗೆ ನಾಲ್ಕನೇ ಸಲ ನಡಿಗೆ ಹಳಿಗೆ ಬಂತು. ದಿನಾ ಐದೂಕಾಲಿಗೆ ಇಬ್ಬರೂ ನಮ್ಮ ಓಣಿಯಿಂದ ಹೊರಟು ಮಿಲ್ಲುಗಳ ನಡುವಿನ ರಸ್ತೆ ಹಿಡಿದು ಕಾಲುವೆಯ ಸೇತುವೆಯ ತನಕ ಹೋಗಿ ಬರುತ್ತಿದ್ದರು. ಆ ರಸ್ತೆ ಅಗಲವಾಗಿತ್ತು, ದೀಪಗಳಿದ್ದವು, ಆ ಹೊತ್ತಿಗೆ ಲಾರಿಗಳಿರುತ್ತಿರಲಿಲ್ಲ. ಅದನ್ನು ಆರಿಸಿದವಳು ನಾನೇ.

ಆ ರಸ್ತೆಯ ಎರಡೂ ಕಡೆ ಅಕ್ಕಿ ಗಿರಣಿಗಳು. ಭತ್ತ ಕುದಿಸಲು ಬಾಯ್ಲರಿಗೆ ಭತ್ತದ ಹೊಟ್ಟನ್ನೇ ಹಾಕಿ ಉರಿಸುತ್ತಾರೆ, ಚಿಮಣಿಯಿಂದ ಕರಿ ಬೂದಿ ಹಾರುತ್ತದೆ. ನಮ್ಮ ಕಡೆ ಬೈಕಿನವರು ಸಂಜೆ ಹೊತ್ತಿನಲ್ಲೂ ಕನ್ನಡಕ ಹಾಕುತ್ತಾರೆ. ಗಂಗಾವತಿಯಲ್ಲಿ ಅಳುವ ಸೊಸೆಯನ್ನು ಯಾರೂ ನಂಬುವುದಿಲ್ಲ, ಕಣ್ಣಾಗ ಬೂದಿ ಬಿತ್ತೇನು ಅಂತಾರೆ ಎಂದು ಸಹಾಯಕಿ ನಗಿಸುತ್ತಿದ್ದಳು. ಬೂದಿ ನಮಗೆ ಅಷ್ಟು ಸಲೀಸು. ಅದರ ಬಗ್ಗೆ ದೂರುವವರು ಹೊರಗಿನವರು ಎಂದೇ ಲೆಕ್ಕ.

ಚಳಿ ಬಿದ್ದ ಮೇಲೆ ಒಂದು ಬೆಳಿಗ್ಗೆ ಅವ್ವ ನಡಿಗೆಯಿಂದ ಬಂದವಳು ಕಟ್ಟೆಯ ಮೇಲೆ ಕುಳಿತು ಬಹಳ ಹೊತ್ತು ಕೆಮ್ಮಿದಳು. ಸಹಾಯಕಿ ನೀರು ಕೊಟ್ಟಳು. ನಾನು ಒಳಗೆ ಭಾಷಣದ ಟಿಪ್ಪಣಿ ಮಾಡುತ್ತಿದ್ದೆ.

"ನಾಳಿಂದ ಮುಂಜಾನೆ ಬ್ಯಾಡವಾ," ಅವ್ವ ಬಾಗಿಲಿನಿಂದ ಹೇಳಿದಳು. "ಸಂಜಿ ನಾಕಕ್ಕ ಅಂಗನವಾಡಿ ಅಂಗಳದಾಗ ಸುತ್ತು ಹಾಕ್ತೀವಿ."

"ಯಾಕ, ನಾಯಿ ಮತ್ತ ಬಂದಾವೇನು?"

"ನಾಯಿ ಅಲ್ಲ. ಹೊಗಿ. ಎದಿ ಹಿಡಿದಂಗ ಆಗತೈತಿ. ಮನಿಗೆ ಬಂದ ಮ್ಯಾಲೂ ಕೆಮ್ಮು ನಿಂದ್ರೂದಿಲ್ಲ."

"ಸಂಜಿಮುಂದ ಮಿಲ್ಲು ಬಂದ್ ಇರತಾವೇನು? ಆಗೂ ಹೊಗಿ ಬಿಡ್ತಾವಲ್ಲ."

"ಬಿಡ್ತಾವು. ಆದ್ರ ಸಂಜಿ ಹೊಗಿ ಹಾರಿ ಹೊಕ್ಕೈತಿ. ಮುಂಜಾನಿದು ಅಲ್ಲೇ ನಿಂತಿರತೈತಿ."

"ನಿಂತಿರತೈತಿ ಅಂತ ಹೆಂಗ ಹೇಳ್ತಿ? ಪುರಾವೆ ಏನು?"

ಸಹಾಯಕಿ ಲೋಟ ಕೆಳಗಿಟ್ಟಳು. "ಯಪ್ಪಾ, ವಕೀಲ್ರು ಎದ್ರು. ಅಕ್ಕಾ, ಕೈ ಮುಗದು ತಪ್ಪಾತು ಅನ್ರಿ, ಇಲ್ಲಾಂದ್ರ ತಾರೀಖಿನ ಮ್ಯಾಲ ತಾರೀಖು ಕೊಡ್ತಾರ."

ತನಗಿಂತ ಚಿಕ್ಕವಳಾದರೂ ಶಿಕ್ಷಕಿಯೆಂದು ಆಕೆ ಅವ್ವನನ್ನು ಅಕ್ಕಾ ಎನ್ನುತ್ತಿದ್ದಳು. ಅವ್ವ ನಕ್ಕಳು, ನಾನೂ ನಕ್ಕೆ. ಆದರೆ ನನ್ನೊಳಗೆ ತೀರ್ಪು ಆಗಿಹೋಗಿತ್ತು. ಮೂರು ಸಲ ನೆವ ಹೇಳಿದವಳ ನಾಲ್ಕನೆಯ ಕಾರಣವೂ ನೆವವೇ. ಇದು ತರ್ಕವಲ್ಲ ಎಂದು ನನಗೆ ಗೊತ್ತಿರಬೇಕಿತ್ತು. ಹೇಳುವವರ ಹಳೆಯ ನಡತೆಯನ್ನು ಹಿಡಿದು ಅವರ ಇಂದಿನ ಮಾತನ್ನು ತಳ್ಳಿಹಾಕುವುದು ದೋಷ ಎಂದು ಕಿರಿಯರಿಗೆ ನಾನೇ ಪಾಠ ಮಾಡುತ್ತಿದ್ದೆ.

ಪುರಾವೆ ಬೇಕಲ್ಲ, ನಾನೇ ಮಾಡುತ್ತೇನೆ ಎಂದು ಹೊರಟೆ. ಮನೆಯಲ್ಲಿ ರೊಟ್ಟಿ ಹಿಟ್ಟು ನಾದುವ ಸ್ಟೀಲಿನ ಪರಾತಗಳು ಎರಡಿದ್ದವು. ಒಂದನ್ನು ಬೆಳಗಿನ ಐದರಿಂದ ಏಳರ ತನಕ ಮಾಳಿಗೆಯ ಮೇಲೆ ಇಡುವುದು, ಇನ್ನೊಂದನ್ನು ಮಧ್ಯಾಹ್ನ ಮೂರರಿಂದ ಐದರ ತನಕ. ಹತ್ತು ದಿನ. ಯಾವುದರಲ್ಲಿ ಬೂದಿ ಹೆಚ್ಚೋ ಆ ಹೊತ್ತಿನ ಗಾಳಿ ಕೆಟ್ಟದ್ದು. ಅವ್ವನೇ ಎರಡನ್ನೂ ಹುಣಸೆಹಣ್ಣು ಹಚ್ಚಿ ಬೆಳಗಿ ಒರೆಸಿ ಕೊಟ್ಟಳು. ಆ ಹತ್ತು ದಿನ ರೊಟ್ಟಿ ಹಿಟ್ಟನ್ನು ಸಣ್ಣ ತಾಟಿನಲ್ಲಿ ನಾದಿಕೊಂಡಳು, ಹಿಟ್ಟು ಹೊರಗೆ ಚೆಲ್ಲುತ್ತಿತ್ತು.

ಫಲಿತಾಂಶ ನನ್ನ ಕಡೆಯೇ ಬಂತು. ಮಧ್ಯಾಹ್ನದ ಪರಾತದಲ್ಲಿ ಎಳ್ಳು ಚೆಲ್ಲಿದಂತೆ ಕರಿ ಬೂದಿ. ಬೆಳಗಿನ ಪರಾತದಲ್ಲಿ ಬೆರಳಾಡಿಸಿದರೆ ತೆಳ್ಳಗೆ ಏನೋ ಹತ್ತುತ್ತಿತ್ತು, ಅಷ್ಟೇ. ಹತ್ತೂ ದಿನ ಹಾಗೆಯೇ. ಎರಡನ್ನೂ ಅವ್ವನ ಮುಂದೆ ಇಟ್ಟೆ.

"ಈಗ ಹೇಳು. ನಿನ್ನ ಸಂಜಿ ಗಾಳಿ ಇದು. ನನ್ನ ಮುಂಜಾನೆ ಗಾಳಿ ಇದು."

ಅವ್ವ ಎರಡನ್ನೂ ನೋಡಿದಳು. "ಬಿದ್ದಿದ್ದು ಕಾಣತೈತಿ. ಬೀಳಲಾರದ್ದು?"

"ಬೀಳಲಾರದ್ದು ಐತಿ ಅಂತ ಹೆಂಗ ಗೊತ್ತು?"

"ಒಮ್ಮಿ ನಮ್ಮ ಕೂಡ ಬಂದು ಮಿಲ್ಲಿನ ಹಂತೇಕ ಲೈಟಿನ ಕಂಬದ ಬುಡಕ ನಿಂತು ನೋಡು. ಬೆಳಕಿನಾಗ ತೇಲತೈತಿ."

"ಅದು ಮಂಜು. ಕಾಲುವಿ ಐತಿ, ಗದ್ದಿ ಅದಾವು, ಚಳಿಗಾಲ. ಮಂಜು ಇರೂದ."

"ಮಂಜಿಗೆ ವಾಸನಿ ಇರತೈತೇನು?"

ಇವತ್ತು ಬರೆಯುವಾಗ ಕಾಣುತ್ತದೆ, ಆ ಇಡೀ ಚರ್ಚೆಯಲ್ಲಿ ನಿಜವಾದ ಪ್ರಶ್ನೆ ಅದೊಂದೇ. ಅದನ್ನು ಕೇಳಿದವಳು ಎಸ್ಸೆಸ್ಸೆಲ್ಸಿ ಓದಿದ ಅಂಗನವಾಡಿ ಶಿಕ್ಷಕಿ. ವಿಶ್ವವಿದ್ಯಾಲಯ ಮಟ್ಟದಲ್ಲಿ ಮಾತಾಡಿದ ನಾನು ಕೊಟ್ಟ ಉತ್ತರ, "ವಾಸನಿ ಪುರಾವೆ ಅಲ್ಲ" ಎಂಬುದು. ಅವಳು ಕರೆದ ಕಂಬದ ಬುಡಕ್ಕೆ ನಾನು ಹೋಗಲೂ ಇಲ್ಲ. ಆ ಹೊತ್ತಿಗೆ ನಾನು ಮಲಗಿರುತ್ತಿದ್ದೆ. ಬೆಳಗಿನ ಪರಾತವನ್ನು ಮಾಳಿಗೆಯ ಮೇಲೆ ಇಟ್ಟು ಬರುತ್ತಿದ್ದವಳು ಸಹ ಅವ್ವನೇ.

ಅದೇ ತಿಂಗಳು ಅವ್ವ ಯಲಬುರ್ಗಾ ಕಡೆಯ ಮಂಗಳೂರಿನಲ್ಲಿರುವ ತನ್ನ ಅಕ್ಕನ ಮನೆಗೆ ಎಂಟು ದಿನ ಹೋದಳು. ಅದು ಕರಾವಳಿಯ ಮಂಗಳೂರಲ್ಲ, ಒಣಬೇಸಾಯದ ಊರು. ಅಲ್ಲಿಯೂ ದಿನಾ ಹೊಲದ ದಾರಿಯಲ್ಲಿ ನಡೆದಳಂತೆ. ದೊಡ್ಡವ್ವ ಫೋನು ಮಾಡಿ, "ನಿಮ್ಮವ್ವ ಇಲ್ಲಿ ಒಮ್ಮೆರ ಕೆಮ್ಮಿಲ್ಲ ನೋಡವಾ, ನಿಮ್ಮೂರಾಗ ಏನ ಐತಿ ಅಂಥಾದ್ದು?" ಎಂದು ಕೇಳಿದಳು. ಅಡುಗೆ ಕೆಲಸವಿಲ್ಲ, ಮಕ್ಕಳ ಗದ್ದಲವಿಲ್ಲ, ವಿಶ್ರಾಂತಿ ಸಿಕ್ಕಿದೆ, ಒಂದು ಉದಾಹರಣೆಯಿಂದ ಏನೂ ಸಾಬೀತಾಗುವುದಿಲ್ಲ ದೊಡ್ಡವ್ವ ಎಂದೆ. ನನ್ನ ಪರಾತವೂ ಒಂದೇ ಉದಾಹರಣೆ ಎಂಬುದನ್ನು ಮರೆತಿದ್ದೆ. ಮರೆತಿದ್ದೆ ಎಂಬುದೂ ಸೌಜನ್ಯದ ಮಾತು. ಒಂದು ಕ್ಷಣ ಅದು ತಲೆಯಲ್ಲಿ ಹಾದು ಹೋಗಿತ್ತು, ನಾನು ತಡೆದು ನಿಲ್ಲಿಸಿಕೊಳ್ಳಲಿಲ್ಲ.

ಅವ್ವ ವಾಪಸು ಬಂದ ವಾರದಲ್ಲಿ ಕೊಪ್ಪಳದ ಒಂದು ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಇತ್ತು. ನಗರದಲ್ಲಿ ಬಯಲು ವ್ಯಾಯಾಮ ಆರೋಗ್ಯಕ್ಕೆ ಹಿತವೇ ಎಂಬುದು ವಿಷಯ, ನಾನು ಪರ. ಕೊಪ್ಪಳದಲ್ಲಿ ಈ ವಿಷಯ ಇಡುವುದು ಗಾಯದ ಮೇಲೆ ಬೆರಳಿಟ್ಟಂತೆ, ಆ ಊರಿನ ಸುತ್ತ ಕಬ್ಬಿಣದ ಕಾರ್ಖಾನೆಗಳಿವೆ. ಅವ್ವ ನನ್ನ ಭಾಷಣ ಒಂದನ್ನೂ ಕೇಳಿರಲಿಲ್ಲ. ಈ ಸಲ ಬರ್ತೀನಿ ಎಂದು ರಜೆ ಹಾಕಿದಳು. ಅವತ್ತು ಬೆಳಿಗ್ಗೆ ಬಸ್ಸಿಗೆ ಮುಂಚೆ ಒಂದು ದಿನದ ಮಟ್ಟಿಗೆ ನಡಿಗೆ ಬಿಡಲೇ ಎಂದು ಕೇಳಿದಳು. "ಇವತ್ತ ನಡಿಗಿ ಬಗ್ಗೆನ ಮಾತಾಡಾಕ ಹೊಂಟೀನಿ, ಇವತ್ತರ ಬಿಡಬ್ಯಾಡ," ಎಂದೆ. ಹೋದಳು.

ಎದುರು ಪಕ್ಷದ ಹುಡುಗಿ ಕಾರ್ಖಾನೆಗಳ ಹತ್ತಿರದ ಹಳ್ಳಿಯವಳು. ಅವಳು ಒಂದು ಬಿಳಿ ಟವೆಲನ್ನು ತಂದಿದ್ದಳು. ಒಂದು ದಿನ ಹೊರಗೆ ಒಣಗಿಸಿದ್ದಂತೆ, ನಡುವೆ ಹಿಡಿದು ಝಾಡಿಸಿದಾಗ ಕರಿ ಪುಡಿ ಉದುರಿತು. ಸಭೆ ಉಸ್ಸೆಂದಿತು. ನನ್ನ ಸರದಿ ಬಂದಾಗ ನಾನು ಕೇಳಿದೆ: ಬಟ್ಟೆಯ ಮೇಲೆ ಕುಳಿತದ್ದು ಮೂಗಿನೊಳಗೆ ಹೋಗಿದೆ ಎಂದು ಹೇಳುವುದು ಹೇಗೆ? ನಾವು ಉಸಿರಾಡುವುದು ಗಾಳಿಯನ್ನೇ ಹೊರತು ಟವೆಲನ್ನಲ್ಲವಲ್ಲ? ಚಪ್ಪಾಳೆ ಬಿತ್ತು. ಅದರ ಬೆನ್ನಿಗೇ, ಅದೇ ಬಾಯಿಯಿಂದ, ನನ್ನ ಎರಡು ಪರಾತಗಳ ಕಥೆ ಹೇಳಿ ಬೆಳಗಿನ ಗಾಳಿ ಶುದ್ಧವೆಂದು ಸಾಧಿಸಿದೆ. ಅವಳ ಟವೆಲು ಪುರಾವೆಯಲ್ಲ, ನನ್ನ ಪರಾತ ಪುರಾವೆ. ನಿರ್ಣಾಯಕರಲ್ಲಿ ಒಬ್ಬರೂ ಅದನ್ನು ಹಿಡಿಯಲಿಲ್ಲ. ಆ ಹುಡುಗಿ ಹಿಡಿದಳು, ಅವಳ ಮುಖದಲ್ಲಿ ಕಂಡೆ, ಆದರೆ ಅವಳ ಸಮಯ ಮುಗಿದಿತ್ತು.

ಆಗ ಮೂರನೆಯ ಸಾಲಿನಿಂದ ಕೆಮ್ಮು ಶುರುವಾಯಿತು.

ಒಣ ಕೆಮ್ಮು, ಬಿಟ್ಟು ಬಿಟ್ಟು ಬಂದು ಆಮೇಲೆ ಬಿಡದೆ ಬಂತು. ಮುಂದಿನ ಸಾಲಿನವರು ತಿರುಗಿ ನೋಡಿದರು. ನನ್ನ ಮಾತಿನ ಓಟ ತಪ್ಪಿತು. ಓಟ ತಪ್ಪಿದಾಗ ಸಭೆಯನ್ನು ನಗಿಸಿ ಹಿಡಿದುಕೋ ಎಂಬುದೂ ನಾನು ಕಲಿತ ಪಾಠವೇ. "ಅಧ್ಯಕ್ಷರೇ," ಎಂದೆ, "ಎದುರು ಪಕ್ಷದ ಹತ್ತಿರ ವಾದ ಖಾಲಿಯಾದಂತಿದೆ, ಈಗ ಕೆಮ್ಮುವುದಕ್ಕೆ ಜನರನ್ನು ಕರೆಸಿದ್ದಾರೆ."

ಸಭೆ ಗೊಳ್ಳೆಂದಿತು. ಶಿಳ್ಳೆಯೂ ಬಿತ್ತು.

ಯಾರು ಕೆಮ್ಮುತ್ತಿದ್ದಾರೆ ಎಂದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ಅವಕಾಶ ಆಮೇಲೆ ಬಹಳ ಸಲ ಬಂದಿದೆ. ವೇದಿಕೆಯ ಬೆಳಕು ಕಣ್ಣಿಗೆ ಹೊಡೆಯುತ್ತಿತ್ತು ಎಂದು ಒಬ್ಬ ಗೆಳತಿಗೆ ಹೇಳಿಯೂ ಇದ್ದೇನೆ. ಅಂಥ ಬೆಳಕೇನೂ ಇರಲಿಲ್ಲ, ಅದು ಮಧ್ಯಾಹ್ನ, ಕಿಟಕಿಗಳೆಲ್ಲ ತೆರೆದಿದ್ದವು. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಎದ್ದದ್ದು, ಹಿಂದಿನವರಿಗೆ ವೇದಿಕೆ ಮರೆಯಾಗದಿರಲಿ ಎಂದು ಅರ್ಧ ಬಗ್ಗಿ ಹೊರಗೆ ಹೋದದ್ದು, ಬಾಗಿಲಲ್ಲಿ ನಿಂತಿದ್ದ ಹುಡುಗರು ನಗುತ್ತಲೇ ದಾರಿ ಬಿಟ್ಟದ್ದು ಎಲ್ಲ ಕಂಡಿತು. ನಾನು ಮಾತು ಮುಂದುವರಿಸಿದೆ. ಗಂಟೆ ಬಾರಿಸುವುದಕ್ಕೆ ಸರಿಯಾಗಿ ಮುಗಿಸಿದೆ.

ಪ್ರಥಮ ಬಹುಮಾನ ಬಂತು. ಗಂಗಾವತಿಯ ಬಸ್ಸಿನಲ್ಲಿ ಅವ್ವ ಕಪ್ಪನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಬಹಳ ದೂರ ಬಂದ ಮೇಲೆ, "ಛಲೋ ಮಾತಾಡಿದಿ," ಎಂದಳು. ನಾನು ಆ ಮಾತನ್ನು ನನಗೆ ಅನುಕೂಲವಾದ ಹಾಗೆ ಅರ್ಥ ಮಾಡಿಕೊಂಡೆ: ತಮಾಷೆ ತನ್ನ ಮೇಲೆ ಎಂದು ಅವಳಿಗೆ ತಿಳಿದಿಲ್ಲ. ಅಂಗನವಾಡಿಯಲ್ಲಿ ದಿನಾ ನಲವತ್ತು ಮಕ್ಕಳ ಕಣ್ಣಿನ ಸುಳ್ಳನ್ನು ಓದುವ ಹೆಂಗಸಿನ ಬಗ್ಗೆ ಹಾಗೆ ಅಂದುಕೊಂಡೆ.

ಮರುದಿನ ಐದೂಕಾಲಿಗೆ ಹಾಸಿಗೆಯಲ್ಲಿದ್ದ ನನಗೆ ಅವಳು ಬೂಟಿನ ಪಟ್ಟಿ ಅಂಟಿಸುವ ಸದ್ದು ಕೇಳಿಸಿತು. ಆಮೇಲೆ ಬಾಗಿಲಿನ ಚಿಲಕ. ಹೋದಳು. ಅದರ ಮರುದಿನವೂ ಹೋದಳು. ಆ ಚಳಿಗಾಲವಿಡೀ ಒಂದು ದಿನವೂ ತಪ್ಪಿಸಲಿಲ್ಲ, ಹೊಗೆ ಎಂಬ ಮಾತನ್ನೂ ಮತ್ತೆ ಎತ್ತಲಿಲ್ಲ. ಮನೆಯಲ್ಲಿ ಕೆಮ್ಮು ಕೇಳಿಸುವುದು ನಿಂತಿತು. ನೋಡಿದೆಯಾ, ಅದು ನೆವವೇ ಆಗಿತ್ತು, ಕೇಳುವವರಿಲ್ಲದಾಗ ತಾನೇ ಹೋಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಸಕ್ಕರೆಯೂ ಇಳಿಯಿತು. ಅಪ್ಪನ ಕಥೆ ಹುಟ್ಟಿದ್ದು ಆ ದಿನಗಳಲ್ಲೇ.

ಶಿವರಾತ್ರಿ ಕಳೆದ ಮೇಲೆ ಒಂದು ದಿನ ಹನ್ನೊಂದರ ಹೊತ್ತಿಗೆ ಸಹಾಯಕಿ ಫೋನು ಮಾಡಿದಳು. ಓಡಿ ಹೋದೆ. ಅವ್ವ ಅಂಗನವಾಡಿಯ ನೆಲದ ಮೇಲೆ ಗೋಡೆಗೆ ಒರಗಿ ಕುಳಿತಿದ್ದಳು, ಭುಜಗಳು ಮೇಲೆ ಕೆಳಗೆ ಆಗುತ್ತಿದ್ದವು, ತುಟಿ ಬೂದುಬಣ್ಣಕ್ಕೆ ತಿರುಗಿತ್ತು. ಬಸ್ಸಿನ ಹಾಡು ಹಾಡುತ್ತ ಕುಣಿಯುವಾಗ ಸಾಲಿನ ನಡುವೆ ನಿಂತುಹೋದಳಂತೆ, ಆಮೇಲೆ ಕುಸಿದು ಕೂತಳಂತೆ. ಇದೂ ಆಟವೇ ಇರಬೇಕೆಂದು ಮಕ್ಕಳೆಲ್ಲ ಹಾಗೆಯೇ ಗೋಡೆಗೆ ಒರಗಿ, ಬಾಯಿ ತೆರೆದು, ಭುಜ ಕುಣಿಸುತ್ತ ಕುಳಿತಿದ್ದರು. ನಾನು ಒಳಗೆ ಹೋದಾಗಲೂ ಹಾಗೆಯೇ ಇದ್ದರು.

ಅವ್ವನನ್ನು ಆಟೋಗೆ ಹತ್ತಿಸುವಾಗ ಸಹಾಯಕಿ ನನ್ನ ತೋಳು ಹಿಡಿದಳು. ಆಕೆಯ ದನಿಯಲ್ಲಿ ಆ ದಿನ ಚೇಷ್ಟೆ ಇರಲಿಲ್ಲ.

"ನಿನ್ನ ಕಿವಿಗೆ ಬೀಳಬಾರ್ದು ಅಂತ ನಿಮ್ಮವ್ವ ಮಿಲ್ಲಿನ ಗ್ವಾಡಿ ಹಿಂದ ನಿಂತು ಕೆಮ್ಮು ಮುಗಿಸಿಕೊಂಡು ಮನಿಗೆ ಬರ್ತಿದ್ಲು. ದಿನಾ. ನಾ ಬೆನ್ನು ತಿಕ್ಕತಿದ್ದೆ. ನಾ ಹೇಳ್ತೀನಿ ಅಂದ್ರ ಬ್ಯಾಡ ಅಂತ ಆಣಿ ಹಾಕಿಸ್ಯಾಳ. ಈಗ ಆಣಿ ಮುರಿದೀನಿ. ಇದಕ್ಕೂ ಪುರಾವೆ ಬೇಕೇನು ತಂಗಿ?"

ಕೊಪ್ಪಳದಲ್ಲಿ ಎದೆ ರೋಗದ ಡಾಕ್ಟರ ಬಳಿ ಕರೆದೊಯ್ದೆವು. ಮೂಗಿಗೆ ಚಿಮಟ ಹಾಕಿ, ಬಾಯಿಗೆ ಕೊಳವೆ ಕೊಟ್ಟು, ಎದೆ ತುಂಬ ಉಸಿರು ಎಳೆದು ಪೂರ್ತಿ ಖಾಲಿಯಾಗುವ ತನಕ ಊದಲು ಹೇಳಿದರು. "ಊದ್ರಿ, ಊದ್ರಿ, ಇನ್ನೂ, ಇನ್ನೂ," ಎಂದು ಅಲ್ಲಿನ ಹುಡುಗಿ ಹುರಿದುಂಬಿಸುತ್ತಿದ್ದಳು. ಬದನೆಕಾಯಿಯ ಹಾಡನ್ನು ಒಂದೇ ಉಸಿರಿಗೆ ಮುಗಿಸುತ್ತಿದ್ದವಳು ಮೂರು ಸಲವೂ ನಡುವೆಯೇ ಕೆಮ್ಮಿ ನಿಂತಳು.

ಡಾಕ್ಟರು ಕಾಗದದ ಗೆರೆ ನೋಡಿದರು. ಉಸಿರಿನ ನಾಳಗಳು ಕಿರಿದಾಗಿವೆ, ಔಷಧಿಯಿಂದ ಒಂದಷ್ಟು ತೆರೆಯುತ್ತವೆ, ಪೂರ್ತಿ ಮೊದಲಿನಂತೆ ಆಗುವುದು ಕಷ್ಟ ಎಂದರು. ಆಮೇಲೆ ಅವ್ವನನ್ನು ಕೇಳಿದರು, "ಕಟಗಿ ಒಲಿ ಮುಂದ ಅಡಿಗಿ ಮಾಡೀರೇನ್ರಿ?"

"ಮದುವಿ ಆಗೂತನಕ ಮಾಡೀನ್ರಿ, ತವರಮನ್ಯಾಗ."

ನಾನು ಆ ಒಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. "ಹಂಗಾದ್ರ ಇದು ಆ ಒಲಿಯಿಂದಾನೂ ಆಗಿರಬಹುದಲ್ರಿ ಸರ? ಇಂಥಾದ್ದರಿಂದಾನ ಆತು ಅಂತ ಹೇಳಾಕ ಬರೂದಿಲ್ಲಲ್ರಿ?"

ಅವರು ಗೆರೆಯ ಕಾಗದವನ್ನು ಬದಿಗಿಟ್ಟರು. "ಬರೂದಿಲ್ಲ. ಒಲಿ ಮೊದಲ ಎದಿ ಹಣ್ಣು ಮಾಡಿರಬಹುದು. ಆದ್ರ ಈಗ ದಿನಾ ಎಲ್ಲಿ ನಡೀತಿದ್ರು?"

ಹೇಳಿದೆ. ರಸ್ತೆ, ಮಿಲ್ಲು, ಐದೂಕಾಲು.

"ನಡಿಯೂದು ತಪ್ಪಲ್ಲವಾ. ಸಕ್ರಿಗೆ ನಡೀಲೇಬೇಕು," ಎಂದರು. "ಆದ್ರ ಸುಮ್ನ ಕುಂತಾಗ ಎಳ್ಕೊಳ್ಳೂ ಗಾಳಿ ಬ್ಯಾರೆ, ಬಿರಬಿರ ನಡದಾಗ ಬಾಯಿ ತಗದು ಎಳ್ಕೊಳ್ಳೂ ಗಾಳಿ ಬ್ಯಾರೆ. ಅದು ಎಷ್ಟೋ ಪಟ್ಟು ಜ್ಯಾಸ್ತಿ, ಆಳಕ್ಕೂ ಇಳಿತೈತಿ. ಚಳಿಗಾಲದಾಗ ನಸಕಿನ್ಯಾಗ ಗಾಳಿ ಅಲಗಾಡೂದಿಲ್ಲ, ಹೊಗಿ ಮ್ಯಾಲ ಹೋಗಾಕ ದಾರಿ ಸಿಗೂದಿಲ್ಲ, ನೆಲಕ್ಕ ಹತ್ತಿ ನಿಂತಬಿಡತೈತಿ. ಬಿಸಲು ಏರಿದ ಮ್ಯಾಲ ಚದುರತೈತಿ."

"ಬೂದಿ ಮಧ್ಯಾಹ್ನ ಜ್ಯಾಸ್ತಿ ಬೀಳತೈತಲ್ರಿ?" ಎಂದೆ. ಆಗಲೂ ಕೇಳಿದೆ.

"ಬೀಳೂ ದಪ್ಪ ಬೂದಿ ಮೂಗಿನ್ಯಾಗ ನಿಂದ್ರತೈತಿ, ಕಣ್ಣಾಗ ಬೀಳತೈತಿ. ಎದಿಯೊಳಗ ಹೋಗೂದು ಬೀಳೂದ ಇಲ್ಲ, ಅಷ್ಟು ಸಣ್ಣದು." ಪೆನ್ನಿನ ಟೋಪಿ ತೆಗೆಯುತ್ತ ಅವರು ಸಹಜವಾಗಿ ಕೇಳಿದರು, "ಅಲ್ಲಿ ನಡೀರಿ ಅಂತ ಯಾರು ಹೇಳಿದ್ರು ನಿಮಗ?"

ಕೋಣೆಯಲ್ಲಿ ಮೂವರೇ ಇದ್ದೆವು. ನಾನು ಬಾಯಿ ತೆರೆಯುವ ಮೊದಲೇ ಅವ್ವ ಹೇಳಿದಳು, "ಯಾರೂ ಇಲ್ರಿ. ನಾನ ಹೋಗ್ತಿದ್ದೆ."

ನಾನು ತಿದ್ದಲಿಲ್ಲ. ಎದುರು ಪಕ್ಷದವರ ಒಂದು ಅಂಕಿ ತಪ್ಪಾದರೂ ಎದ್ದು ನಿಂತು ತಿದ್ದುವವಳು, ನನ್ನ ಕಣ್ಣೆದುರು ನನಗಾಗಿ ಹೇಳಿದ ಸುಳ್ಳನ್ನು ತಿದ್ದದೆ ಔಷಧಿಯ ಚೀಟಿ ತೆಗೆದುಕೊಂಡು ಹೊರಗೆ ಬಂದೆ.

ಮುಂದಿನ ಚಳಿಗಾಲದಲ್ಲಿ ಒಂದು ನಸುಕಿಗೆ ಒಬ್ಬಳೇ ಆ ರಸ್ತೆಗೆ ಹೋದೆ. ಕಂಬದ ಬುಡದಲ್ಲಿ ನಿಂತೆ. ಬೆಳಕಿನಲ್ಲಿ ತೇಲುತ್ತಿತ್ತು, ವಾಸನೆಯೂ ಇತ್ತು, ಸುಟ್ಟ ಹೊಟ್ಟಿನ ವಾಸನೆ. ಅಲ್ಲಿ ಐದು ನಿಮಿಷ ನಿಂತರೆ ಸಾಕಿತ್ತು ಎಂದು ತಿಳಿಯಿತು. ಸೇತುವೆಯ ಕಡೆಯಿಂದ ಬಿಳಿ ಬನಿಯನ್ನಿನ ನಾಲ್ಕು ಜನ ಓಡುತ್ತ ಬಂದರು. ನಿಲ್ಲಿಸಿ ಹೇಳಲೇ ಎಂದುಕೊಂಡೆ. ಹೇಳಿದರೆ ಪುರಾವೆ ಕೇಳುತ್ತಾರೆ. ಆದರೂ ಒಬ್ಬರಿಗೆ ಹೇಳಿದೆ, "ಬಿಸಲು ಬಿದ್ದ ಮ್ಯಾಲ ಓಡ್ರಿ, ಈ ಹೊಗಿಯಾಗ ಬ್ಯಾಡ." ಅವರು ಓಡುತ್ತಲೇ, "ಬಿಸಲಿಗೆ ಡ್ಯೂಟಿ ಇರತೈತ್ರಿ ಮೇಡಮ್ಮಾರ," ಎಂದು ಹೋದರು.

ನಾನು ಈಗಲೂ ಸಂದೇಹಿಯೇ. ಅವ್ವನ ಎದೆಯಲ್ಲಿ ಒಲೆಯ ಪಾಲೆಷ್ಟು, ಮಿಲ್ಲಿನ ಪಾಲೆಷ್ಟು, ಈ ಊರಿನಲ್ಲಿ ಬದುಕಿದ್ದರ ಪಾಲೆಷ್ಟು ಎಂದು ಯಾರೂ ಬಿಡಿಸಿ ಹೇಳಲಾರರು. ನಡೆಯದಿದ್ದರೆ ಸಕ್ಕರೆ ಕಣ್ಣನ್ನೋ ಕಿಡ್ನಿಯನ್ನೋ ಹಿಡಿಯುತ್ತಿತ್ತೇನೋ, ಅದನ್ನೂ ಅಲ್ಲಗಳೆಯಲಾರೆ. ಇದನ್ನೆಲ್ಲ ಎಷ್ಟು ತೂಗಿದರೂ ಆ ಸಭಾಂಗಣದ ನಗು ಕಿವಿಯಲ್ಲಿ ಒಂದಿಷ್ಟೂ ಸಣ್ಣದಾಗುವುದಿಲ್ಲ. ಈಗ ನಾನೂ ಉಪನ್ಯಾಸಕಿ, ಕೆಲವು ಸಲ ತರಗತಿಯಲ್ಲಿ ಪಾಠ ಮಾಡುತ್ತಿರುವಾಗ ಯಾರಾದರೂ ಕೆಮ್ಮಿದರೆ ಮುಖ ಬಿಸಿಯಾಗಿ ಬೋರ್ಡಿನ ಕಡೆ ತಿರುಗುತ್ತೇನೆ.

ಈಗ ಅಂಗನವಾಡಿಯಲ್ಲಿ ಹಾಡುವವಳು ಸಹಾಯಕಿ. ರಾಗ ಎಲ್ಲೆಲ್ಲಿಗೋ ಹೋಗುತ್ತದೆ, ಅವ್ವ ನಿಂತಲ್ಲೇ ಕೈಯಾಡಿಸಿ ತೋರಿಸುತ್ತಾಳೆ. "ನೀವು ಕೈ ಮಾಡ್ರಿ ಅಕ್ಕಾ, ನಾ ಒದರ್ತೀನಿ," ಎಂದು ಆಕೆ ಒಪ್ಪಂದ ಮಾಡಿಕೊಂಡಿದ್ದಾಳೆ. ಮಕ್ಕಳಿಗೆ ಹೊಸ ಹಾಡು ಬಂದು ಬಹಳ ದಿನವಾಯಿತು. ತಪ್ಪಾಯಿತು ಎಂದು ನಾನು ಅವ್ವನಿಗೆ ಎರಡು ಸಲ ಹೇಳಲು ಹೋಗಿದ್ದೇನೆ. ಎರಡು ಸಲವೂ ಅವಳು, "ಸಕ್ರಿ ಇಳದೈತಲ್ಲ, ಸಾಕು ಬಿಡು," ಎಂದು ನನ್ನ ವಾದವನ್ನೇ ನನಗೆ ತಿರುಗಿಸಿ ಕೊಟ್ಟಳು.

ಮೊನ್ನೆ ನಾಲ್ಕರ ಬಿಸಿಲಿನಲ್ಲಿ ಅಂಗನವಾಡಿಯ ಅಂಗಳದಲ್ಲಿ ಅವ್ವ, ನಾನು ಇಬ್ಬರೂ ಸುತ್ತು ಹಾಕುತ್ತಿದ್ದೆವು. ಈಗ ನಾನೂ ಜೊತೆಗೆ ನಡೆಯುತ್ತೇನೆ. ಮೂರನೇ ಸುತ್ತಿಗೆ ಅವಳು ಬೇವಿನ ಮರಕ್ಕೆ ಕೈ ಕೊಟ್ಟು ನಿಂತಳು. ಬಾಯಿಗಿಡುವ ಪಂಪಿನ ಔಷಧಿ ಎಳೆದುಕೊಂಡು, ಉಸಿರು ಹದಕ್ಕೆ ಬರಲೆಂದು ಕಾಯುತ್ತ, ನನಗೆ ಮುಂದೆ ಹೋಗೆಂದು ಕೈ ಸನ್ನೆ ಮಾಡಿದಳು. ನಾನು ಹೋಗಲಿಲ್ಲ. ಮಾತಾಡಲು ಅವಳ ಹತ್ತಿರ ಉಸಿರಿಲ್ಲದ ಹೊತ್ತಾದ್ದರಿಂದಲೇ ನನಗೆ ಧೈರ್ಯ ಬಂತೋ ಏನೋ ಗೊತ್ತಿಲ್ಲ, ಆದರೆ ಇಷ್ಟು ವರ್ಷ ಗಂಟಲಲ್ಲಿದ್ದುದನ್ನು ಅಲ್ಲಿಯೇ ಕೇಳಿಬಿಟ್ಟೆ.

"ಅವತ್ತ ಕೊಪ್ಪಳದಾಗ ಅಷ್ಟು ಜನರ ಮುಂದ ನಾ ನಿನ್ನ ಕೆಮ್ಮಿಗೆ ನಗಿಸಿದೆ. ನಿನಗ ತಿಳಿದಿತ್ತು. ಎದಿ ಏನ ಹೇಳಾಕತ್ತಿತ್ತು ಅನ್ನೂದೂ ನಿನಗ ಗೊತ್ತಿತ್ತು. ಅಷ್ಟೆಲ್ಲಾ ಗೊತ್ತಿದ್ದೂ ಮರುದಿನ ಮುಂಜಾನೆ ಮತ್ತ ಅದ ದಾರಿಗೆ ಯಾಕ ಹೋದಿ ಬೇ?"